ಕೊಡಗಿನ ಪೇಟೆಗಳ ಎಸಿ ಜಾಗತಿಕ ಹವಾಮಾನ ಮಾದರಿಯೊಳಗೆ: ಯಾವ ವಿಧಾನ, ಯಾವ ಪ್ರಶ್ನೆಗೆ?

ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುತ್ತಿದ್ದರೆ ಕೋಣೆಯಿಂದ ಸುಮಾರು 5.3 ಕಿಲೋವ್ಯಾಟ್ ಶಾಖವನ್ನು ಹೊರಗೆಳೆಯುತ್ತಿರುತ್ತದೆ. ಸಿಒಪಿ (ಒಂದು ಪಾಲು ಕರೆಂಟಿಗೆ ಎಸಿ ಎಷ್ಟು ಪಾಲು ಶಾಖ ಹೊರಗೆಳೆಯುತ್ತದೆ ಎಂಬ ಅಂಕಿ) 3.5 ಎಂದು ಹಿಡಿದರೆ ಅದಕ್ಕೆ ಬೇಕಾಗುವ ಕರೆಂಟು 1.5 ಕಿಲೋವ್ಯಾಟ್. ಆ ಕರೆಂಟೂ ಕೊನೆಗೆ ಶಾಖವೇ ಆಗುವುದರಿಂದ, ಗೋಡೆಯಾಚೆಯ ಔಟ್‌ಡೋರ್ ಯೂನಿಟ್ ಬೀದಿಗೆ ಉಗುಳುವುದು 6.8 ಕಿಲೋವ್ಯಾಟ್. ಹವಾಮಾನ ಮಾದರಿಯಲ್ಲಿ, ಅಂದರೆ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ, ಎಸಿಯನ್ನು ತೋರಿಸುವುದೆಂದರೆ ಈ ಮೂರು ಅಂಕಿಗಳನ್ನು ಎಷ್ಟು ಕಟ್ಟಡಗಳಿಗೆ, ಯಾವ ಹೊತ್ತಿನಲ್ಲಿ, ಎಲ್ಲಿ ಇಡಬೇಕೆಂದು ಹೇಳುವುದು. ಅಷ್ಟೇ. ಆದರೆ ಅದನ್ನು ಹೇಳಲು ಐದಾರು ದಾರಿಗಳಿವೆ, ಒಂದರ ಉತ್ತರ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ.

ದೆಹಲಿಗೋ ಚೆನ್ನೈಗೋ ಬರೆದ ಸಲಹೆಯನ್ನು ಹಾಗೆಯೇ ಕೊಡಗಿಗೆ ತಂದರೆ ಕೈಸುಡುತ್ತದೆ. ಅಲ್ಲಿ ಪ್ರಶ್ನೆ ಎಸಿಯ ಶಾಖದಿಂದ ರಾತ್ರಿ ಎಷ್ಟು ಬಿಸಿಯಾಗುತ್ತದೆ ಎಂಬುದು. ಇಲ್ಲಿ ಎಸಿ ವಿರಳ, ಸೆಕೆಗಿಂತ ತೇವದ ಕಾಟ ಹೆಚ್ಚು, ಇರುವ ಎಸಿಗಳೂ ಮನೆಗಳಿಗಿಂತ ಹೆಚ್ಚಾಗಿ ರೆಸಾರ್ಟ್, ಹೋಂಸ್ಟೇ, ಬ್ಯಾಂಕು, ಎಟಿಎಂಗಳಲ್ಲಿ. ಹಾಗಾಗಿ ಕೊಡಗಿನ ಮಟ್ಟಿಗೆ ವಿಧಾನ ಎಷ್ಟು ನಾಜೂಕಿನದು ಎಂಬುದಕ್ಕಿಂತ ಎರಡು ಅಂಕಿಗಳು ಮುಖ್ಯ: ಒಟ್ಟು ನೆಲದಲ್ಲಿ ತಂಪಾಗುತ್ತಿರುವ ಪಾಲೆಷ್ಟು, ಮತ್ತು ಯಂತ್ರ ಯಾವ ಉಷ್ಣತೆಯಲ್ಲಿ ಶುರುವಾಗುತ್ತದೆ. ಇವೆರಡು ತಪ್ಪಿದರೆ ಎಷ್ಟು ದೊಡ್ಡ ಮಾದರಿಯೂ ನೆರವಿಗೆ ಬರುವುದಿಲ್ಲ.

ಮೊದಲು ಚೌಕದ ಲೆಕ್ಕ

ಅಮೆರಿಕದ ಬೋಲ್ಡರ್‌ನಲ್ಲಿರುವ ಎನ್‌ಸಿಎಆರ್ ಸಂಸ್ಥೆಯ ಸಿಇಎಸ್‌ಎಂ ಮಾದರಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಪೇಟೆಯನ್ನು ಕಾಡು, ಹೊಲಗಳಿಂದ ಬೇರೆಯಾಗಿಯೇ ಲೆಕ್ಕ ಹಾಕುವ ಜಾಗತಿಕ ಮಾದರಿಗಳು ಬೆರಳೆಣಿಕೆಯಷ್ಟು, ಇದು ಅವುಗಳಲ್ಲೊಂದು. ಇದರ ನೆಲಭಾಗಕ್ಕೆ ಸಿಎಲ್‌ಎಂ ಎಂದು ಹೆಸರು. ಮಾದರಿ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ ಬಳಸುವ ಚೌಕ ಅಕ್ಷಾಂಶದಲ್ಲಿ 0.9 ಡಿಗ್ರಿ, ರೇಖಾಂಶದಲ್ಲಿ 1.25 ಡಿಗ್ರಿ. ಕೊಡಗಿನ ಅಕ್ಷಾಂಶದಲ್ಲಿ ಇದು ಸುಮಾರು 100 ಕಿ.ಮೀ. ಉದ್ದ, 136 ಕಿ.ಮೀ. ಅಗಲ, ಅಂದರೆ 13,600 ಚದರ ಕಿ.ಮೀ. ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. ಇಡೀ ಜಿಲ್ಲೆ ಚೌಕದ ಮೂರನೇ ಒಂದು ಭಾಗಕ್ಕೂ ಕಡಿಮೆ. ಉಳಿದದ್ದು ಘಟ್ಟದ ಕೆಳಗಿನ ಕರಾವಳಿಯೋ, ಮೈಸೂರು ಕಡೆಯ ಬಯಲೋ ಆಗಿರುತ್ತದೆ.

ಹತ್ತು ಚದರ ಕಿ.ಮೀ.ನ ಒಂದು ಪೇಟೆ ಇಂಥ ಚೌಕದಲ್ಲಿ 0.07 ಶೇಕಡಾ. ಆ ಪೇಟೆಯ ಪ್ರತಿ ಚದರ ಮೀಟರಿಗೆ ಎಸಿಗಳು 10 ವ್ಯಾಟ್ ಶಾಖ ಸುರಿದರೂ ಚೌಕದ ಸರಾಸರಿಗೆ ಸೇರುವುದು 0.007 ವ್ಯಾಟ್. ವಾತಾವರಣಕ್ಕೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಮಡಿಕೇರಿಯ ಎಸಿ ಕೊಡಗಿನ ಮಳೆಯನ್ನು ಬದಲಿಸುತ್ತದೆಯೇ ಎಂದು ನೋಡಲು ವಾತಾವರಣ, ನೆಲ ಎರಡನ್ನೂ ಜೋಡಿಸಿ ಓಡಿಸುವುದು ಕಂಪ್ಯೂಟರ್ ಸಮಯದ ದಂಡ.

ಎತ್ತರದ ತೊಡಕು ಇನ್ನೂ ದೊಡ್ಡದು. ಚೌಕದೊಳಗಿನ ಎಲ್ಲ ಬಗೆಯ ನೆಲಕ್ಕೂ ಒಂದೇ ಗಾಳಿ, ಒಂದೇ ಸರಾಸರಿ ಎತ್ತರ. ಸಾವಿರ ಮೀಟರಿಗೆ 6.5 ಡಿಗ್ರಿಯ ಲೆಕ್ಕದಲ್ಲಿ 500 ಮೀಟರ್ ವ್ಯತ್ಯಾಸವೆಂದರೆ 3 ಡಿಗ್ರಿಗೂ ಮೇಲೆ. ಮಡಿಕೇರಿಗೂ ಕಾವೇರಿ ದಂಡೆಯ ಕುಶಾಲನಗರಕ್ಕೂ ನಡುವೆ ಸುಮಾರು 300 ಮೀಟರ್ ಇದೆ, ಅಂದರೆ ಹತ್ತಿರ ಹತ್ತಿರ 2 ಡಿಗ್ರಿ. ಎಸಿ ಶುರುವಾಗುವ ಗೆರೆ 27 ಡಿಗ್ರಿಯಲ್ಲಿದ್ದರೆ ಈ 2 ಡಿಗ್ರಿಯೇ ಎಸಿ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸಿಬಿಡುತ್ತದೆ. ಕೊಡಗಿಗೆ ಒಂದೇ ಅಂಕಿ ಕೊಡುವ ಯಾವ ಫಲಿತಾಂಶವನ್ನೂ ನಂಬಬೇಡಿ. ಕುಶಾಲನಗರಕ್ಕೊಂದು, ಮಡಿಕೇರಿಗೊಂದು ಬೇಕೇ ಬೇಕು.

ಶಾಖವನ್ನು ಹೊರಗಿನಿಂದ ಸುರಿಯುವುದು

ಅತ್ಯಂತ ಸುಲಭದ ದಾರಿ ಇದು. ಜನಸಂಖ್ಯೆ, ಇಂಧನ ಬಳಕೆ, ವಾಹನಗಳ ಲೆಕ್ಕದಿಂದ ಯಾರೋ ಮೊದಲೇ ತಯಾರಿಸಿಟ್ಟ ಮಾನವಜನ್ಯ ಶಾಖದ ನಕ್ಷೆಯನ್ನು ತಂದು ಮಾದರಿಗೆ ಉಣಿಸುತ್ತೀರಿ. 2011ರಲ್ಲಿ ಬಂದ ಲೂಸಿ ಎಂಬ ಲೆಕ್ಕಾಚಾರದ ಚೌಕ 2.5 ಕಲೆಯದು (ಒಂದು ಕಲೆ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ), ಸುಮಾರು 4.6 ಕಿ.ಮೀ. ಎಎಚ್4ಜಿಯುಸಿ ಎಂಬ ಇನ್ನೊಂದು 1 ಕಿ.ಮೀ. ಚೌಕದಲ್ಲಿ, 2010ರ ದಶಕಕ್ಕೂ 2050ರ ದಶಕಕ್ಕೂ ಗಂಟೆವಾರು ಅಂಕಿ ಕೊಡುತ್ತದೆ.

ಎಸಿಯನ್ನೇ ಬೇರೆ ಮಾಡಿ ನೋಡಲು ಇದರಲ್ಲಿ ಆಗುವುದಿಲ್ಲ. ಅಡುಗೆ ಒಲೆ, ಜೀಪು, ಎಸಿ ಎಲ್ಲ ಒಂದೇ ಗಂಟಿನಲ್ಲಿ. ನಕ್ಷೆ ಮೊದಲೇ ಬರೆದಿಟ್ಟದ್ದಾದ್ದರಿಂದ ಈ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ತಡವಾಗಿ ಮಾರ್ಚ್ ಬೆಂದುಹೋದರೂ ಅಂಕಿ ಅಲುಗುವುದಿಲ್ಲ. ಕೊಡಗಿಗೆ ಇನ್ನೊಂದು ವಿಶೇಷ ತೊಂದರೆಯೂ ಇದೆ. ಇವೆಲ್ಲ ನಿಂತಿರುವುದು ಊರಿನಲ್ಲೇ ವಾಸಿಸುವವರ ಎಣಿಕೆಯ ಮೇಲೆ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33,381. ಶನಿವಾರ ರಾತ್ರಿ ಊರಲ್ಲಿ ಎಷ್ಟು ಜನ ಮಲಗಿರುತ್ತಾರೆ ಎಂಬುದು ಜನಗಣತಿಯ ಪ್ರಶ್ನೆಯಲ್ಲ. ವಾರಾಂತ್ಯವೆಂದರೆ ಕಚೇರಿ ಮುಚ್ಚಿ ಬಳಕೆ ಇಳಿಯುವ ದಿನ ಎಂಬ ನಗರದ ತರ್ಕ ಇಲ್ಲಿ ತಲೆಕೆಳಗು. ಇಲ್ಲಿ ಎಸಿ ಓಡುವುದೇ ವಾರಾಂತ್ಯದಲ್ಲಿ.

ಈ ದಾರಿ ಹಿಡಿದವರು ಪದೇ ಪದೇ ಮಾಡುವ ತಪ್ಪು ಎರಡು ಸಲ ಎಣಿಸುವುದು: ನಕ್ಷೆಯನ್ನೂ ಉಣಿಸಿ, ಮಾದರಿಯ ಒಳಗಿನ ಎಸಿಯನ್ನೂ ಚಾಲೂ ಇಡುವುದು. ಎರಡರಲ್ಲೂ ಎಸಿಯ ಶಾಖವಿದೆ. ಒಂದನ್ನು ಆರಿಸಲೇಬೇಕು.

ಎಲ್ಲ ಕಟ್ಟಡಕ್ಕೂ ಎಸಿ: ಸೆಟ್‌ಪಾಯಿಂಟ್ ವಿಧಾನ

ಸಿಎಲ್‌ಎಂ ಪೇಟೆಯನ್ನು ಒಂದು ಓಣಿಯಂತೆ ನೋಡುತ್ತದೆ: ಮಾಡು, ಬಿಸಿಲಿನ ಗೋಡೆ, ನೆರಳಿನ ಗೋಡೆ, ನೀರಿಂಗುವ ನೆಲ, ನೀರಿಂಗದ ನೆಲ. ಒಟ್ಟು ಐದು ಮೈಗಳು. ಪೇಟೆಗಳಲ್ಲಿ ಮೂರು ಬಗೆ: ಎತ್ತರದ ಕಟ್ಟಡಗಳ ಜಾಗ, ದಟ್ಟ ಪೇಟೆ, ಮಧ್ಯಮ ದಟ್ಟಣೆಯ ಪೇಟೆ. ಇನ್ನೂ ವಿರಳವಾದದ್ದನ್ನು ಅದು ಪೇಟೆಯೆಂದೇ ಒಪ್ಪುವುದಿಲ್ಲ, ಗಿಡಮರದ ಲೆಕ್ಕಕ್ಕೆ ಸೇರಿಸುತ್ತದೆ. ಕೊಡಗಿನ ಮಟ್ಟಿಗೆ ಈ ಮಾತು ಮುಖ್ಯ, ಕೊನೆಯಲ್ಲಿ ಮತ್ತೆ ಬರುತ್ತದೆ.

ಕಟ್ಟಡದೊಳಗಿನ ಉಷ್ಣತೆಗೆ ಮೇಲೊಂದು ಗೆರೆ, ಕೆಳಗೊಂದು ಗೆರೆ. ಇವೇ ಸೆಟ್‌ಪಾಯಿಂಟ್‌ಗಳು. ಮೇಲಿನದನ್ನು ದಾಟಿದರೆ ಎಸಿ, ಕೆಳಗಿನದಕ್ಕಿಂತ ಇಳಿದರೆ ಹೀಟರ್. ಸ್ವಿಚ್ಚಿಗೆ ಮೂರು ಸ್ಥಿತಿ: ಆಫ್, ಆನ್, ಮತ್ತು ವ್ಯರ್ಥ ಶಾಖದೊಂದಿಗೆ ಆನ್. 2018ರ ಐದನೇ ಆವೃತ್ತಿಯಿಂದ ಒಳಗಿನ ಲೆಕ್ಕ ಸುಧಾರಿಸಿದೆ. ಮಾಡು, ಗೋಡೆ, ನೆಲ ಪರಸ್ಪರ ಸೂಸುವ ಶಾಖವೂ, ಗಂಟೆಗೆ 0.3 ಪಟ್ಟು ಗಾಳಿ ಬದಲಾಗುವುದೂ ಅದರಲ್ಲಿ ಸೇರಿವೆ. ಈ 0.3 ಕೂಡ ಕಿಟಕಿ ಭದ್ರವಾಗಿ ಮುಚ್ಚಿದ ಕಟ್ಟಡದ ಅಂಕಿ. ಹೆಂಚಿನ ಸಂದಿಯಿಂದ ಗಾಳಿಯಾಡುವ, ಹಗಲಿಡೀ ಬಾಗಿಲು ತೆರೆದಿಡುವ ಮನೆಗೆ ಇದು ತೀರಾ ಕಡಿಮೆ. ಹೀಗಾಗಿ ಮಾದರಿಯ ಮನೆ ನಿಜದ ಮನೆಗಿಂತ ನಿಧಾನವಾಗಿ ತಣಿಯುತ್ತದೆ, ಸಂಜೆಯ ಎಸಿ ಬೇಡಿಕೆ ಉಬ್ಬುತ್ತದೆ.

ಈ ವಿಧಾನದ ಮೂಲ ದೋಷ ಒಂದೇ: ಗೆರೆ ದಾಟಿದ ಕ್ಷಣ ಚೌಕದ ಪ್ರತಿ ಕಟ್ಟಡದಲ್ಲೂ ಎಸಿ ಶುರು. ಅಮೆರಿಕ, ಜಪಾನಿಗೆ ಇದು ನಡೆಯುತ್ತದೆ, ಅಲ್ಲಿ ಹತ್ತರಲ್ಲಿ ಒಂಬತ್ತು ಮನೆಗೆ ಎಸಿ ಇದೆ. ಆದರೆ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ 2018ರ ವರದಿಯ ಪ್ರಕಾರ ಜಗತ್ತಿನ ಅತಿ ಬಿಸಿ ಪ್ರದೇಶಗಳ 280 ಕೋಟಿ ಜನರಲ್ಲಿ ಎಸಿ ಇದ್ದವರು 8 ಶೇಕಡಾ ಮಾತ್ರ. ಕೊಡಗಿನಂಥ ಕಡೆ ಎಲ್ಲರಿಗೂ ಎಸಿ ಕೊಟ್ಟರೆ ಬರುವುದು ಊಹಾಲೋಕದ ವಿದ್ಯುತ್ ಬಿಲ್ಲು.

ವ್ಯರ್ಥ ಶಾಖದ ಗುಣಾಂಕವನ್ನೂ ಕಣ್ಣಿಟ್ಟು ನೋಡಬೇಕು. ಎಸಿಗೆ ಅಲ್ಲಿ 0.6 ಎಂದಿದೆ, ಅಂದರೆ ಕೋಣೆಯಿಂದ ತೆಗೆದ ಶಾಖದ ಜೊತೆಗೆ ಅದರ 0.6 ಪಟ್ಟು ವ್ಯರ್ಥ ಶಾಖವೂ ಸೇರುತ್ತದೆ. ಕೋಣೆಯಿಂದ 5.3 ಕಿಲೋವ್ಯಾಟ್ ತೆಗೆದರೆ ಬೀದಿಗೆ ಬೀಳುವುದು ಅದರ 1.6 ಪಟ್ಟು, ಅಂದರೆ ಸುಮಾರು 8.5. ನಮ್ಮ ಮೊದಲ ಲೆಕ್ಕದ 6.8ಕ್ಕಿಂತ ಇದು ಕಾಲುಭಾಗ ಹೆಚ್ಚು. ಯಂತ್ರದ ನಷ್ಟದ ಜೊತೆಗೆ ಇಂಧನವನ್ನು ಕರೆಂಟಾಗಿಸುವಾಗಿನ ನಷ್ಟವನ್ನೂ ಆ ಗುಣಾಂಕದಲ್ಲಿ ಸೇರಿಸಿರುವುದೇ ಕಾರಣ. ಜಾಗತಿಕ ಸರಾಸರಿಗೆ ಇದು ಸರಿಯಿರಬಹುದು. ಪೇಟೆಯ ಮಟ್ಟಕ್ಕೆ ಇಳಿದಾಗ ಮಾತ್ರ ರಾಯಚೂರಿನ ಉಷ್ಣ ಸ್ಥಾವರದಲ್ಲಿ ಹೊರಬಿದ್ದ ಶಾಖವನ್ನು ತಂದು ಮಡಿಕೇರಿಯ ಬೀದಿಗೆ ಸುರಿದಂತಾಗುತ್ತದೆ. ಬೀದಿಯ ಉಷ್ಣತೆಯೇ ನಿಮ್ಮ ಪ್ರಶ್ನೆಯಾಗಿದ್ದರೆ 0.6ರ ಬದಲು ಸಿಒಪಿಯ ವಿಲೋಮ ಹಾಕಿ, 3.5ಕ್ಕೆ ಅದು 0.286. ಈ ಅಂಕಿ ಸೋರ್ಸ್ ಕೋಡಿನೊಳಗೆ ಕೂತಿದೆ, ಬದಲಿಸಿದ ಮೇಲೆ ಮಾದರಿಯನ್ನು ಮತ್ತೆ ಕಂಪೈಲ್ ಮಾಡಬೇಕು.

ಕೆಳಗಿನ ಗೆರೆಯನ್ನು ಬಹಳ ಮಂದಿ ಮರೆತುಬಿಡುತ್ತಾರೆ. ಡಿಸೆಂಬರ್–ಜನವರಿಯ ರಾತ್ರಿ ಮಡಿಕೇರಿಯ ಮನೆಯೊಳಗೂ ಚಳಿ ಹೊಕ್ಕುತ್ತದೆ. ಜನ ಕಂಬಳಿ ಹೊದೆಯುತ್ತಾರೆ, ಬಚ್ಚಲ ಒಲೆಯ ಹತ್ತಿರ ಕೂರುತ್ತಾರೆ. ಮನೆಯಿಡೀ ಬಿಸಿ ಮಾಡುವ ಹೀಟರ್ ಯಾರಿಗೂ ಇಲ್ಲ. ಕೆಳಗೆರೆ ಆ ರಾತ್ರಿಗಳ ಉಷ್ಣತೆಗಿಂತ ಮೇಲಿದ್ದರೆ ಮಾದರಿ ಸದ್ದಿಲ್ಲದೆ ಇಡೀ ಪೇಟೆಗೆ ಹೀಟರ್ ಹಚ್ಚುತ್ತದೆ. ವರ್ಷದ ಒಟ್ಟು ಮಾನವಜನ್ಯ ಶಾಖದಲ್ಲಿ ಅರ್ಧ ಇದರದ್ದೇ ಆದರೂ ಅಚ್ಚರಿಯಿಲ್ಲ. ಹೀಟರಿನ ಶಾಖವನ್ನು ಬೇರೆಯಾಗಿ ಬರೆಸಿಕೊಂಡು ನೋಡಿ. ಸೊನ್ನೆ ಬರದಿದ್ದರೆ ಕೆಳಗೆರೆಯನ್ನು 10 ಡಿಗ್ರಿಗೆ ಇಳಿಸಿ.

ಗೆರೆ ಏರಿಸುವ ಉಪಾಯ, ಪಾಲು ಕೊಡುವ ವಿಧಾನ

ಎಲ್ಲರಿಗೂ ಎಸಿ ಎಂಬ ಅತಿಯನ್ನು ತಗ್ಗಿಸಲು ಹಳೆಯ ಉಪಾಯವೊಂದಿದೆ: ಎಸಿ ಕಡಿಮೆ ಇರುವ ಕಡೆ ಮೇಲುಗೆರೆಯನ್ನೇ ಏರಿಸುವುದು. ಸಿಎಲ್‌ಎಂನ ಐದನೇ ಆವೃತ್ತಿಯಲ್ಲಿ ಈ ಗೆರೆ ವರ್ಷದಿಂದ ವರ್ಷಕ್ಕೆ ಬದಲಾಗುವಂತೆ ಪ್ರತ್ಯೇಕ ಕಡತದಿಂದ ಬರುತ್ತದೆ. ಇಲ್ಲೇ ಹೊಸಬರು ಎಡವುವುದು. ನೆಲದ ಗುಣಗಳ ಕಡತವನ್ನು ತಿದ್ದಿ, ಏನೂ ಬದಲಾಗಲಿಲ್ಲವೆಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮೇಲುಗೆರೆ ಆ ಕಡತದಲ್ಲಿ ಇಲ್ಲ, ಕಾಲಕ್ಕೆ ತಕ್ಕಂತೆ ಬದಲಾಗುವ ಪೇಟೆ ಕಡತದಲ್ಲಿದೆ. ಕೆಳಗೆರೆ ಮಾತ್ರ ನೆಲದ ಕಡತದಲ್ಲೇ ಉಳಿದಿದೆ.

ಹೊಸ ವಿಧಾನದಲ್ಲಿ ಗೆರೆಯನ್ನು ಮುಟ್ಟುವುದಿಲ್ಲ. ಎಲ್ಲ ಕಟ್ಟಡಗಳನ್ನೂ ಗೆರೆಗೆ ಇಳಿಸಲು ಬೇಕಾದ ಶಾಖವನ್ನು ಮೊದಲು ಲೆಕ್ಕ ಹಾಕಿ, ಅದನ್ನು ಎಸಿ ಪಾಲಿನಿಂದ, ಅಂದರೆ ಒಟ್ಟು ನೆಲದಲ್ಲಿ ತಂಪಾಗುತ್ತಿರುವ ಪಾಲಿನಿಂದ, ಗುಣಿಸುತ್ತಾರೆ. ಪಾಲು 0.1 ಆದರೆ ಬೇಡಿಕೆಯ ಹತ್ತನೇ ಒಂದಂಶ ಮಾತ್ರ ಹೊರಗೆ ಹೋಗುತ್ತದೆ, ಉಳಿದದ್ದು ಒಳಗೇ ಇರುತ್ತದೆ.

ಎರಡಕ್ಕೂ ಇರುವ ವ್ಯತ್ಯಾಸ ಲೆಕ್ಕ ಹಾಕಿದರೆ ತಿಳಿಯುತ್ತದೆ. ಗೆರೆ 27 ಡಿಗ್ರಿ, ಎಸಿ ಪಾಲು 0.1 ಎಂದಿಟ್ಟುಕೊಳ್ಳಿ. ಎಸಿ ಇಲ್ಲದೆ ಒಳಗೆ 31 ಡಿಗ್ರಿ ಆಗುತ್ತಿದ್ದರೆ ಪಾಲಿನ ವಿಧಾನದಲ್ಲಿ ಸರಾಸರಿ 30.6ಕ್ಕೆ ಇಳಿಯುತ್ತದೆ. ಇದೇ ಉತ್ತರ ಬರಲೆಂದು ಹಳೆಯ ಉಪಾಯದಲ್ಲಿ ಗೆರೆಯನ್ನೇ 30.6ಕ್ಕೆ ಇಟ್ಟಿರೆನ್ನಿ. ಆ ದಿನಕ್ಕೆ ಎರಡೂ ತಾಳೆ. ಒಳಗೆ 33 ಆಗುವ ದಿನ ಬಂದಾಗ ಪಾಲಿನ ವಿಧಾನ 0.6 ಡಿಗ್ರಿ ಇಳಿಸಿದರೆ ಏರಿಸಿದ ಗೆರೆ 2.4 ಡಿಗ್ರಿ ಇಳಿಸುತ್ತದೆ, ನಾಲ್ಕು ಪಟ್ಟು. ಒಳಗೆ 30 ಇರುವ ದಿನ ಪಾಲಿನ ವಿಧಾನದಲ್ಲಿ 0.3 ಡಿಗ್ರಿಯಷ್ಟು ಎಸಿ ಓಡುತ್ತದೆ, ಏರಿಸಿದ ಗೆರೆಯಲ್ಲಿ ಎಸಿ ಎದ್ದೇಳುವುದೇ ಇಲ್ಲ. ಒಟ್ಟಿನಲ್ಲಿ ಸೌಮ್ಯ ದಿನಗಳಲ್ಲಿ ಕಡಿಮೆ, ಉರಿ ದಿನಗಳಲ್ಲಿ ಅತಿ. ಕೊಡಗಿನ ಬೇಸಿಗೆಯಲ್ಲಿ ಬಹುಪಾಲು ದಿನ ಸೌಮ್ಯವೇ. ಮಾರ್ಚ್–ಏಪ್ರಿಲ್‌ನಲ್ಲೂ ಮಡಿಕೇರಿಯ ಸರಾಸರಿ ಗರಿಷ್ಠ 30ಕ್ಕಿಂತ ಕೆಳಗೇ. ಹೀಗಾಗಿ ಏರಿಸಿದ ಗೆರೆಯಲ್ಲಿ ವರ್ಷವಿಡೀ ಸೊನ್ನೆ ಬಂದು, ಎಲ್ಲೋ ನಾಲ್ಕು ದಿನ ದೊಡ್ಡ ಅಂಕಿ ಬರುತ್ತದೆ. ಕೊಡಗಿಗೆ ಈ ಉಪಾಯ ಬೇಡವೇ ಬೇಡ.

ಪಾಲಿನ ವಿಧಾನಕ್ಕೂ ಒಂದು ಮಿತಿ ಇದೆ. ಮೇಲಿನ 30.6 ಡಿಗ್ರಿಯ ಮನೆ ಊರಲ್ಲಿ ಒಂದೂ ಇಲ್ಲ. ಒಂಬತ್ತು ಮನೆ 31ರಲ್ಲಿವೆ, ಒಂದು 27ರಲ್ಲಿದೆ. ಗೋಡೆಯ ಮೂಲಕ ಹರಿಯುವ ಶಾಖಕ್ಕೆ ಸರಾಸರಿ ಸಾಕು, ಏಕೆಂದರೆ ಅದು ಉಷ್ಣತೆಯ ವ್ಯತ್ಯಾಸಕ್ಕೆ ನೇರ ಅನುಪಾತದಲ್ಲಿದೆ. ಮನುಷ್ಯನ ಮೈಗೆ ತಟ್ಟುವ ಸೆಕೆ ಹಾಗಲ್ಲ. ಆದ್ದರಿಂದ ಈ ಒಳ ಉಷ್ಣತೆಯನ್ನು ತೆಗೆದುಕೊಂಡು ಆರೋಗ್ಯದ ಅಪಾಯ ಲೆಕ್ಕ ಹಾಕಬೇಡಿ. ಅದಕ್ಕೆ ಪಾಲು 0 ಇಟ್ಟು ಒಮ್ಮೆ, 1 ಇಟ್ಟು ಒಮ್ಮೆ ಓಡಿಸಿ, ಎರಡು ಬಗೆಯ ಮನೆಗಳನ್ನೂ ಬೇರೆ ಬೇರೆಯಾಗಿ ವರದಿ ಮಾಡಿ.

ಇನ್ನೊಂದು ಮಾತು. ಪಾಲು 0.1ರಿಂದ 0.2ಕ್ಕೆ ಏರಿದರೆ ಎಸಿ ಶಾಖವೂ ಸರಿಯಾಗಿ ಎರಡರಷ್ಟಾಗಬೇಕೆಂದಿಲ್ಲ. ಒಳಗಿನ ಗಾಳಿ ತಣಿದಂತೆ ಗೋಡೆ, ನೆಲದಿಂದ ಬರುವ ಶಾಖ ಬದಲಾಗುತ್ತದೆ, ಬೀದಿಗೆ ಬಿದ್ದ ಶಾಖ ಗೋಡೆಯ ಮೂಲಕ ಮರಳಿ ಒಳಗೆ ಬರುತ್ತದೆ. 0, 0.05, 0.2, 1 ಈ ನಾಲ್ಕು ಪಾಲುಗಳಿಗೆ ಒಂದೊಂದು ಓಟ ಮಾಡಿ ಗ್ರಾಫ್ ಬರೆದು ನೋಡಿ, ಅದು ಎಲ್ಲಿ ಬಾಗುತ್ತದೆಂದು ಗೊತ್ತಾಗುತ್ತದೆ.

ಪಾಲಿನ ಅಂಕಿಯನ್ನು ಎಲ್ಲಿಂದ ತರುವುದು

ಕೆಲಸದ ಮುಕ್ಕಾಲು ಶ್ರಮ ಇಲ್ಲಿದೆ. ಜಾಗತಿಕ ಕಡತದಿಂದ ದೇಶಕ್ಕೊಂದೇ ಅಂಕಿ ತಂದರೆ ದೆಹಲಿಗೂ ವಿರಾಜಪೇಟೆಗೂ ಒಂದೇ ಪಾಲು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಮನೆಯ ವಸ್ತುಗಳ ಪ್ರಶ್ನೆಯಿದೆ, ಆದರೆ ಅಲ್ಲಿ ಎಸಿಯನ್ನೂ ಕೂಲರನ್ನೂ ಒಟ್ಟಿಗೆ ಕೇಳಿದ್ದಾರೆ. ನೀರು ಆವಿಯಾಗಿಸಿ ತಂಪು ಮಾಡುವ ಕೂಲರ್ ಬೀದಿಗೆ ಶಾಖ ಉಗುಳುವುದಿಲ್ಲ, ಅದರ ಕರೆಂಟು ಫ್ಯಾನಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಒಣಗಾಳಿಯ ಉತ್ತರ ಭಾರತದಲ್ಲಿ ಈ ಅಂಕಿಯ ಬಹುಪಾಲು ಕೂಲರಿನದೇ ಇರಬಹುದು. ಅದನ್ನೇ ಎಸಿ ಪಾಲೆಂದು ಹಾಕಿದವರ ಲೆಕ್ಕ ಹಲವು ಪಟ್ಟು ಉಬ್ಬುತ್ತದೆ.

ಮನೆಗಳ ಎಣಿಕೆ ಸಿಕ್ಕಿದ ಮೇಲೂ ಅದು ನೇರ ಪಾಲಾಗುವುದಿಲ್ಲ. ಮಾದರಿ ಕೇಳುವುದು ಎಷ್ಟು ಮನೆಯಲ್ಲಿ ಎಸಿ ಇದೆ ಎಂದಲ್ಲ, ಎಷ್ಟು ನೆಲ ತಂಪಾಗುತ್ತಿದೆ ಎಂದು. ಎಸಿ ಇರುವ ಮನೆಯಲ್ಲೂ ಒಂದು ಮಲಗುವ ಕೋಣೆಗೆ ಮಾತ್ರ ಇರುತ್ತದೆ. ಲೆಕ್ಕದ ಬಗೆ ತೋರಿಸಲು ಒಂದು ಕಲ್ಪಿತ ಪೇಟೆ: ಒಟ್ಟು ನೆಲದಲ್ಲಿ 80 ಶೇಕಡಾ ಮನೆಗಳು, 20 ಶೇಕಡಾ ಅಂಗಡಿ, ಲಾಡ್ಜ್, ಕಚೇರಿ. ಮನೆಗಳಲ್ಲಿ 2 ಶೇಕಡಾಕ್ಕೆ ಎಸಿ, ಅಲ್ಲೂ ಮನೆಯ ಐದನೇ ಒಂದು ಭಾಗಕ್ಕೆ. ಅಂದರೆ ಮನೆಗಳ ನೆಲದ 0.4 ಶೇಕಡಾ. ವಾಣಿಜ್ಯ ನೆಲದಲ್ಲಿ 25 ಶೇಕಡಾಕ್ಕೆ ಎಸಿ. ಆಗ ಪಾಲು 0.8 × 0.004 + 0.2 × 0.25 = 0.053. ಇದರಲ್ಲಿ 0.05 ವಾಣಿಜ್ಯದ್ದು, ಮನೆಗಳದ್ದು 0.003 ಮಾತ್ರ. ಮನೆ ಸಮೀಕ್ಷೆಯನ್ನಷ್ಟೇ ನಂಬಿದವರು ಹತ್ತರಲ್ಲಿ ಒಂಬತ್ತು ಭಾಗ ಕಳೆದುಕೊಂಡರು.

ಕೊಡಗಿನ ಪೇಟೆಯಲ್ಲಿ ಇದನ್ನು ಕಾಲ್ನಡಿಗೆಯಲ್ಲಿ ಎಣಿಸುವುದೇ ವಾಸಿ. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ 100 ಮೀಟರ್ × 100 ಮೀಟರಿನ ಹತ್ತು ಹದಿನೈದು ಚೌಕ ಆರಿಸಿ ಔಟ್‌ಡೋರ್ ಯೂನಿಟ್ ಎಣಿಸಿ. ಹಿಂಬದಿ ಓಣಿ ಬಿಡಬೇಡಿ, ಯೂನಿಟ್ ಇರುವುದೇ ಅಲ್ಲಿ. ಅಂಥ ಒಂದು ಚೌಕದಲ್ಲಿ ಒಂದೂವರೆ ಟನ್ನಿನ ಹತ್ತು ಯೂನಿಟ್ ಪೂರ್ತಿ ಓಡಿದರೆ 68 ಕಿಲೋವ್ಯಾಟ್, ಅಂದರೆ ಚದರ ಮೀಟರಿಗೆ 6.8 ವ್ಯಾಟ್. ಮಾದರಿ ಕೊಡುವ ಗರಿಷ್ಠ ಇದಕ್ಕಿಂತ ಬಹಳ ಮೇಲೆ ಹೋದರೆ ಎಲ್ಲೋ ತಪ್ಪಿದೆ ಎಂದರ್ಥ. ಎಟಿಎಂ, ಸರ್ವರ್ ಕೋಣೆ, ಲ್ಯಾಬುಗಳ ಯೂನಿಟ್ಟನ್ನು ಬೇರೆ ಬರೆದುಕೊಳ್ಳಿ. ಅವು ಹೊರಗಿನ ಹವೆ ಹೇಗಿದ್ದರೂ ಓಡುತ್ತಿರುತ್ತವೆ, ಸೆಟ್‌ಪಾಯಿಂಟ್ ತರ್ಕಕ್ಕೆ ಸಿಕ್ಕುವುದಿಲ್ಲ. ಅವುಗಳಿಗೆ ವರ್ಷವಿಡೀ ಒಂದೇ ಸಮನಾದ ಸಣ್ಣ ಶಾಖವನ್ನು ಪ್ರತ್ಯೇಕವಾಗಿ ಸೇರಿಸುವುದೇ ಸರಿ.

ಸೆಟ್‌ಪಾಯಿಂಟ್ ಎಷ್ಟಿರಬೇಕು? ಸ್ಟಾರ್ ಪಟ್ಟಿ ಇರುವ ಕೋಣೆ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ 2020ರ ಜನವರಿಯಿಂದ ದೇಶದಲ್ಲಿದೆ. ಅದು ರಿಮೋಟಿನ ಮೊದಲ ಅಂಕಿಯಷ್ಟೇ, ಜನ ಎಸಿ ಹಾಕಲು ಎದ್ದು ಹೋಗುವ ಉಷ್ಣತೆಯಲ್ಲ. ಹಾಕಿದ ಮೇಲೆ ಎಷ್ಟಕ್ಕೆ ಇಳಿಸುತ್ತಾರೆ, ಎಷ್ಟಾದಾಗ ಹಾಕುತ್ತಾರೆ, ಇವು ಬೇರೆ ಬೇರೆ. ಜಾಗತಿಕ ಮಾದರಿಗೆ ಒಂದೇ ಗೆರೆ ಗೊತ್ತು. 24 ಮತ್ತು 27 ಎರಡರಲ್ಲೂ ಓಡಿಸಿ ಅಂತರವನ್ನು ಅನಿಶ್ಚಿತತೆಯೆಂದು ತೋರಿಸಿ. ಮಡಿಕೇರಿಯಲ್ಲಿ ಈ 3 ಡಿಗ್ರಿಯ ಅಂತರ, ಪಾಲನ್ನು ಇಮ್ಮಡಿ ಮಾಡುವುದಕ್ಕಿಂತ ದೊಡ್ಡ ಬದಲಾವಣೆ ತಂದರೆ ಆಶ್ಚರ್ಯವಿಲ್ಲ, ಏಕೆಂದರೆ ಒಳಗಿನ ಉಷ್ಣತೆ ಬೇಸಿಗೆಯ ಬಹುಕಾಲ ಇವೆರಡರ ನಡುವೆಯೇ ಆಡುತ್ತಿರುತ್ತದೆ.

ಮಳೆಗಾಲವೆಂಬ ಕುರುಡು ಜಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗಿನ ಉಷ್ಣತೆ ಗೆರೆ ಮುಟ್ಟುವುದಿಲ್ಲ. ಮಾದರಿ ಎಸಿ ಸೊನ್ನೆ ಎನ್ನುತ್ತದೆ. ಆದರೆ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಹಾಸಿಗೆ ಥಂಡಿ ಹಿಡಿದು, ಗೋಡೆಗೆ ಬೂಸ್ಟು ಬಂದು, ಬಟ್ಟೆ ಒಣಗದೆ ಇರುವಾಗ ರೆಸಾರ್ಟಿನವರು ಎಸಿಯನ್ನು ಡ್ರೈ ಮೋಡಿಗೆ ಹಾಕುತ್ತಾರೆ, ಇಲ್ಲವೇ ಡಿಹ್ಯುಮಿಡಿಫೈಯರ್ ಇಡುತ್ತಾರೆ. ಗಂಟೆಗೆ ಒಂದು ಲೀಟರ್ ನೀರು ಗಾಳಿಯಿಂದ ಇಳಿದರೆ ಬಿಡುಗಡೆಯಾಗುವ ಗುಪ್ತೋಷ್ಣ ಸುಮಾರು 0.68 ಕಿಲೋವ್ಯಾಟ್. ಸಿಎಲ್‌ಎಂನ ಕಟ್ಟಡದೊಳಗೆ ತೇವಾಂಶದ ಲೆಕ್ಕವೇ ಇಲ್ಲ, ಬರೀ ಉಷ್ಣತೆ. ಹಾಗಾಗಿ ಪಾಲಿನ ವಿಧಾನ ಎಷ್ಟೇ ಒಳ್ಳೆಯದಾದರೂ ಕೊಡಗಿನ ಮಳೆಗಾಲದ ಕರೆಂಟನ್ನು ಅದು ಹೇಳಲಾರದು. ಫಲಿತಾಂಶದ ಮೇಲೆ ಇದು ಬೇಸಿಗೆಯ ಎಸಿ ಮಾತ್ರ ಎಂದು ಸ್ಪಷ್ಟವಾಗಿ ಬರೆಯಿರಿ.

ತೇವಾಂಶವೇ ಪ್ರಶ್ನೆಯಾದರೆ ಜಾಗತಿಕ ಮಾದರಿಯನ್ನು ಬಿಟ್ಟು, ಒಂದು ಸೀಮೆಯನ್ನಷ್ಟೇ ಸಣ್ಣ ಚೌಕಗಳಲ್ಲಿ ನೋಡುವ ಪ್ರಾದೇಶಿಕ ಮಾದರಿಗೆ ಇಳಿಯಬೇಕು.

ಪ್ರಾದೇಶಿಕ ಮಾದರಿ: ಡಬ್ಲ್ಯುಆರ್‌ಎಫ್ ಮತ್ತು ಕಟ್ಟಡ ಶಕ್ತಿ ಮಾದರಿ

ಡಬ್ಲ್ಯುಆರ್‌ಎಫ್ ಎಂಬ ಪ್ರಾದೇಶಿಕ ಮಾದರಿಯಲ್ಲಿ ಬಿಇಪಿ, ಬಿಇಎಂ ಎಂಬ ಜೋಡಿ ಇದೆ. ಮೊದಲನೆಯದು ಕಟ್ಟಡಗಳು ಸುತ್ತಲಿನ ಗಾಳಿಯ ಮೇಲೆ ಮಾಡುವ ಪರಿಣಾಮಕ್ಕೆ, ಎರಡನೆಯದು ಕಟ್ಟಡದೊಳಗಿನ ಶಾಖ, ಕರೆಂಟಿನ ಲೆಕ್ಕಕ್ಕೆ. ಇದರ ಪಟ್ಟಿಯಲ್ಲಿ ಬೇಕಾದದ್ದೆಲ್ಲ ಸಿಗುತ್ತದೆ: ಸಿಒಪಿ, ಗುರಿ ಉಷ್ಣತೆ ಮತ್ತು ಅದರ ಸುತ್ತಲಿನ ಸಡಿಲ, ಗುರಿ ತೇವಾಂಶ, ಎಸಿ ಓಡುವ ಗಂಟೆಗಳು, ಕೋಣೆಯಲ್ಲಿ ಎಷ್ಟು ಮಂದಿ. ಎಸಿ ಇರುವ ಕಟ್ಟಡಗಳ ಪಾಲು ಬೇರೆ, ಕಟ್ಟಡದೊಳಗೆ ತಂಪಾಗುವ ನೆಲದ ಪಾಲು ಬೇರೆ ಎಂದು ಎರಡು ಅಂಕಿ ಕೇಳುವುದು ಇದರ ದೊಡ್ಡ ಗುಣ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಎಸಿಯ ಶಾಖ ರಾತ್ರಿಯ ಉಷ್ಣತೆಯನ್ನು ಕೆಲವೆಡೆ 1 ಡಿಗ್ರಿಗೂ ಹೆಚ್ಚು ಏರಿಸುತ್ತದೆಂದು 2014ರಲ್ಲಿ ತೋರಿಸಿದ್ದು ಇದೇ ಸಾಧನದಿಂದ. ಆದರೆ ಅದು ಬಯಲು ಮರುಭೂಮಿ, ಮನೆಮನೆಗೂ ಎಸಿ. ಆ ಅಂಕಿಯನ್ನು ಇಲ್ಲಿಗೆ ಎಳೆದು ತರಬೇಡಿ.

ಬೆಲೆ ಏನೆಂದರೆ ಕಂಪ್ಯೂಟರ್ ಸಮಯ. 1 ಕಿ.ಮೀ. ಚೌಕಕ್ಕೆ ಕಾಲದ ಹೆಜ್ಜೆ 6 ಸೆಕೆಂಡಿನ ಆಸುಪಾಸು. ಪಶ್ಚಿಮ ಘಟ್ಟದ ಕಡಿದಾದ ಇಳಿಜಾರಿನ ಮೇಲೆ ಅದೂ ಸಾಲದೆ ಲೆಕ್ಕ ಕೆಟ್ಟು ನಿಲ್ಲುವುದು ಮಾಮೂಲು. ಆಗ ಮೊದಲು ಹೆಜ್ಜೆಯನ್ನು 4 ಅಥವಾ 3 ಸೆಕೆಂಡಿಗೆ ಇಳಿಸಿ, ಆಮೇಲೆ ಬೆಟ್ಟದ ನಕ್ಷೆಯನ್ನು ತುಸು ನುಣುಪಾಗಿಸಿ. ಇದರಲ್ಲಿ ಒಂದು ವಾರದ ಬಿಸಿಗಾಳಿಯನ್ನು ನೋಡಬಹುದು, ಐವತ್ತು ವರ್ಷದ ಹವಾಮಾನವನ್ನಲ್ಲ.

ಮಾದರಿಯೇ ಬೇಡದ ಪ್ರಶ್ನೆಗಳು

ಮುಂದಿನ ಇಪ್ಪತ್ತು ವರ್ಷದಲ್ಲಿ ಪೇಟೆಯ ಫೀಡರಿನ (ಪೇಟೆಗೆ ಕರೆಂಟು ತರುವ ಮಾರ್ಗದ) ಮೇಲೆ ಎಸಿ ಹೊರೆ ಎಷ್ಟಾದೀತು ಎಂಬುದಷ್ಟೇ ಬೇಕಿದ್ದರೆ, ಹೊರಗಿನ ಉಷ್ಣತೆ ಗೆರೆಗಿಂತ ಮೇಲಿದ್ದ ಡಿಗ್ರಿ–ಗಂಟೆಗಳನ್ನು ಕೂಡಿಸಿ, ವಿದ್ಯುತ್ ಮಾರಾಟದ ಜೊತೆ ಹೋಲಿಸಿದರೆ ಸಾಕು. ಇಲ್ಲೂ ಕೊಡಗಿನದೇ ಒಂದು ಬಲೆ ಇದೆ. ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಜಿಲ್ಲೆಯ ಒಟ್ಟು ಬಳಕೆ ಫೆಬ್ರವರಿ–ಮಾರ್ಚ್‌ನಲ್ಲಿ ಏರಿದ್ದನ್ನು ನೋಡಿ ಎಸಿ ಎಂದುಕೊಂಡರೆ ಮೋಸ. ಕಾಫಿ ಹೂವಿಗೆ ತುಂತುರು ನೀರು ಹಾಯಿಸುವ ಪಂಪುಗಳು ಓಡುವುದೂ ಅದೇ ತಿಂಗಳುಗಳಲ್ಲಿ. ಪೇಟೆಯ ಫೀಡರಿನ ಅಂಕಿ, ಅದರಲ್ಲೂ ವಾಣಿಜ್ಯ ವರ್ಗದ್ದು, ಪ್ರತ್ಯೇಕವಾಗಿ ಸಿಗದಿದ್ದರೆ ಈ ವಿಧಾನಕ್ಕೆ ಕೈಹಾಕಬೇಡಿ.

ಹಾಗಾದರೆ ಯಾವುದು?

ನಮ್ಮ ಆಯ್ಕೆ ಹೇಳಿಬಿಡುತ್ತೇವೆ. ದೇಶಮಟ್ಟದ ಅಥವಾ ಜಗತ್ತಿನ ಭವಿಷ್ಯದ ಓಟವಾದರೆ ಪಾಲಿನ ವಿಧಾನ, ಕೊಡಗಿನ ಚೌಕವನ್ನು ಓದಲೇಬಾರದು. ಕುಶಾಲನಗರ, ಮಡಿಕೇರಿಗಳ ಬೇಸಿಗೆಯ ಎಸಿ ಬೇಡಿಕೆ ಬಿಸಿಯಾಗುತ್ತಿರುವ ಹವೆಯಲ್ಲಿ ಹೇಗೆ ಬೆಳೆಯುತ್ತದೆ ಎಂಬುದಾದರೆ ಸಿಎಲ್‌ಎಂ ಅನ್ನು ಒಂದೊಂದು ಪೇಟೆಗೆ ಒಂದೊಂದು ಬಿಂದುವಿನಲ್ಲಿ, ನೆಲಭಾಗ ಮಾತ್ರ, ಪಾಲಿನ ವಿಧಾನದಲ್ಲಿ. ರೆಸಾರ್ಟುಗಳ ತೇವ, ವಾರಾಂತ್ಯದ ಏರಿಳಿತಕ್ಕೆ ಡಬ್ಲ್ಯುಆರ್‌ಎಫ್. ಹೊರಗಿನಿಂದ ಶಾಖ ಸುರಿಯುವ ದಾರಿ ಕೊಡಗಿನಲ್ಲಿ ಯಾವುದಕ್ಕೂ ಒದಗುವುದಿಲ್ಲ. ಎಸಿ ಆಫ್ ಇಟ್ಟ ಓಟ ಮಾತ್ರ ಎಲ್ಲದಕ್ಕೂ ಜೊತೆಗಿರಲಿ, ಹೋಲಿಸಲು ಬೇರೆ ಆಧಾರವಿಲ್ಲ.

ಬಿಂದುವಿನ ಓಟಕ್ಕೆ ಹವೆಯ ದತ್ತಾಂಶ ಮೊದಲ ತಲೆನೋವು. ಸಿಎಲ್‌ಎಂ ಜೊತೆ ಬರುವ ಜಿಎಸ್‌ಡಬ್ಲ್ಯುಪಿ3 ಎಂಬ ದತ್ತಾಂಶ ಅರ್ಧ ಡಿಗ್ರಿ ಚೌಕದ್ದು, ಘಟ್ಟಕ್ಕೆ ಅದು ಒರಟು. ಸುಮಾರು 9 ಕಿ.ಮೀ.ನ ಇಆರ್‌ಎ5–ಲ್ಯಾಂಡ್ ಅಥವಾ ಭಾರತದ್ದೇ ಆದ 12 ಕಿ.ಮೀ.ನ ಐಎಂಡಿಎಎ ಮೇಲು, ಎರಡೂ ಗಂಟೆವಾರು ಸಿಗುತ್ತವೆ. ಅವುಗಳ ಚೌಕದ ಎತ್ತರಕ್ಕೂ ಪೇಟೆಯ ಎತ್ತರಕ್ಕೂ ಇರುವ ಅಂತರ ನೋಡಿ ಉಷ್ಣತೆ ತಿದ್ದಿ. ತಿದ್ದಿದ ಮೇಲೆ ತೇವಾಂಶ ಪರ್ಯಾಪ್ತ ಮಟ್ಟವನ್ನು (ಗಾಳಿ ಹಿಡಿದಿಡಬಲ್ಲ ಗರಿಷ್ಠವನ್ನು) ದಾಟದಂತೆ ಕತ್ತರಿಸಿ. ಮಳೆಗಾಲದಲ್ಲಿ ಉಷ್ಣತೆ ಇಳಿಸಿದ ತಕ್ಷಣ ಇದು ಖಂಡಿತ ದಾಟುತ್ತದೆ. ಆಕಾಶದಿಂದ ಬರುವ ದೀರ್ಘತರಂಗ ವಿಕಿರಣವನ್ನೂ ಹೊಸ ಉಷ್ಣತೆಗೆ ಹೊಂದಿಸಬೇಕು, ಇಲ್ಲದಿದ್ದರೆ ರಾತ್ರಿ ಮಾಡು ತಪ್ಪು ಉಷ್ಣತೆಗೆ ತಣಿಯುತ್ತದೆ.

ನೆಲದ ಕಡತದಲ್ಲಿ ಪೇಟೆಯ ಪಾಲನ್ನು ನೋಡಿ. ಬಹಳ ಸಲ ಸೊನ್ನೆ ಇರುತ್ತದೆ, ವಿರಳ ಪೇಟೆಯನ್ನು ಸಿಎಲ್‌ಎಂ ಗಿಡಮರಕ್ಕೆ ಸೇರಿಸುತ್ತದೆಂದು ಮೊದಲೇ ಹೇಳಿದೆವಲ್ಲ. ಮಧ್ಯಮ ದಟ್ಟಣೆಗೆ 100 ಹಾಕಿ, ಉಳಿದ ಎಲ್ಲ ಬಗೆಯ ನೆಲಕ್ಕೂ ಸೊನ್ನೆ ಹಾಕಿ. ಒಟ್ಟು 100 ಆಗದಿದ್ದರೆ ಓಟ ಶುರುವಿನಲ್ಲೇ ನಿಲ್ಲುತ್ತದೆ. ಸೊನ್ನೆ ಇದ್ದ ಕಡೆ ಕಟ್ಟಡದ ಗುಣಗಳೂ ಅರ್ಥವಿಲ್ಲದ ಅಂಕಿಗಳಾಗಿರಬಹುದು. ಆದ್ದರಿಂದ ಕಟ್ಟಡದ ಎತ್ತರ, ಓಣಿಯ ಎತ್ತರ–ಅಗಲದ ಅನುಪಾತ, ಮಾಡಿನ ದಪ್ಪ, ಉಷ್ಣವಾಹಕತೆ ಇವನ್ನು ನೀವೇ ತುಂಬಿ. ಹೆಂಚಿನ ಮಾಡು ತೆಳು, ಬಿಸಿಲು ಬಿದ್ದೊಡನೆ ಕಾಯುತ್ತದೆ, ಇಳಿದೊಡನೆ ತಣಿಯುತ್ತದೆ. ಕಾಂಕ್ರೀಟ್ ತಾರಸಿ ಹಗಲಿನ ಶಾಖವನ್ನು ರಾತ್ರಿ ಹತ್ತರವರೆಗೂ ಒಳಗೆ ಬಿಡುತ್ತಿರುತ್ತದೆ. ಎರಡರ ಸರಾಸರಿ ತೆಗೆದರೆ ಎರಡೂ ಅಲ್ಲದ ಮಾಡು ಸಿಗುತ್ತದೆ. ಎರಡು ಓಟ ಮಾಡಿ, ಆಯಾ ಪಾಲಿನಿಂದ ಗುಣಿಸಿ ಕೂಡಿಸಿ. ತಾರಸಿ ಮೇಲೆ ಮಳೆಗೆಂದು ಶೀಟು ಹೊದಿಸಿದ ಕಟ್ಟಡಗಳು ಕೊಡಗಿನಲ್ಲಿ ಎಲ್ಲೆಲ್ಲೂ ಇವೆ. ಮಾದರಿಗೆ ಎರಡು ಮಾಡು ಗೊತ್ತಿಲ್ಲದ್ದರಿಂದ ಅವಕ್ಕೆ ತಾರಸಿಯನ್ನೇ ಇಟ್ಟು, ಅದು ಹೀರುವ ಬಿಸಿಲನ್ನು ತಗ್ಗಿಸುವುದು ಅನುಕೂಲ.

ಮೊದಲ ಎರಡು ಮೂರು ವರ್ಷದ ಫಲಿತಾಂಶ ಎಸೆಯಿರಿ. ಗೋಡೆ, ಮಾಡು ಬೇಗ ನೆಲೆಗೆ ಬರುತ್ತವೆ, ನೀರಿಂಗುವ ನೆಲದ ತೇವ ಬರುವುದಿಲ್ಲ. ಬರೆಸಿಕೊಳ್ಳಬೇಕಾದವು ಒಳಗಿನ ಉಷ್ಣತೆ, ಎಸಿ ತೆಗೆದ ಶಾಖ, ವ್ಯರ್ಥ ಶಾಖ, ಹೀಟರ್ ಶಾಖ, ಪೇಟೆಯದ್ದೇ ಆದ 2 ಮೀಟರ್ ಎತ್ತರದ ಉಷ್ಣತೆ. ತಿಂಗಳ ಸರಾಸರಿ ಸಾಲದು, ಗಂಟೆವಾರು ಬೇಕು. ಏಪ್ರಿಲ್‌ನ ಒಂದು ಒಣ ದಿನ ಆರಿಸಿ, ವ್ಯರ್ಥ ಶಾಖವನ್ನು ಎಸಿ ತೆಗೆದ ಶಾಖದಿಂದ ಭಾಗಿಸಿ. ನೀವು ಹಾಕಿದ ಗುಣಾಂಕವೇ ಬರಬೇಕು. 0.286ರ ಜಾಗದಲ್ಲಿ 0.6 ಬಂದರೆ ಕಂಪೈಲ್ ಮಾಡಿದ್ದು ಹಳೆಯ ಕೋಡು.